ಆನೆಕಾಲಿನ ಆರೈಕೆ: ತೊಳೆದರಷ್ಟೇ ಸಾಲದು, ಬೆರಳಸಂದಿ ಒಣಗಬೇಕು

ಆನೆಕಾಲು ಇರುವವರು ಕಾಲು ತೊಳೆಯುವುದಿಲ್ಲ ಎಂದು ದೂರುವಂತಿಲ್ಲ. ದಿನಕ್ಕೆರಡು ಬಾರಿ ತೊಳೆಯುವವರೂ ಇದ್ದಾರೆ. ಆದರೆ ತೊಳೆಯುವ ಕ್ರಮ ಹೆಚ್ಚಿನ ಮನೆಗಳಲ್ಲಿ ಒಂದೇ. ಮೀನಗಂಡಕ್ಕೆ ಸೋಪು ಹಚ್ಚಿ ಉಜ್ಜುತ್ತಾರೆ, ಪಾದದ ಮೇಲೆ ಎರಡು ಚೊಂಬು ನೀರು ಸುರಿಯುತ್ತಾರೆ, ಬೈರಾಸಿನಿಂದ ಮೇಲಿಂದ ಮೇಲೆ ಒರಸಿ ಚಪ್ಪಲಿ ಮೆಟ್ಟುತ್ತಾರೆ. ಬೆರಳುಗಳ ಸಂದಿಯಲ್ಲಿ ನೀರು ಹಾಗೆಯೇ ನಿಂತಿರುತ್ತದೆ. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಕಾಲು ನೋಡುವ ಕೆಲಸ ಮಾಡುತ್ತ ಇದನ್ನು ಮತ್ತೆ ಮತ್ತೆ ಕಂಡಿರುವುದರಿಂದ, ಈ ಲೇಖನದಲ್ಲಿ ಉಳಿದ ಹಂತಗಳಿಗಿಂತ ಒರಸುವ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಸಂದಿಯ ನೀರಿಗೆ ಇಷ್ಟೊಂದು ಮಹತ್ವ ಏಕೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕ್ಯೂಲೆಕ್ಸ್ ಸೊಳ್ಳೆಯ ಮೂಲಕ ದೇಹ ಸೇರುವ ಫೈಲೇರಿಯಾ ಹುಳು ದುಗ್ಧರಸದ (ಲಿಂಫ್) ನಾಳಗಳಲ್ಲಿ ನೆಲೆಸಿ ಅವುಗಳನ್ನು ಕೆಡಿಸುತ್ತದೆ. ಹುಳು ಕೆಲವು ವರ್ಷಗಳಲ್ಲಿ ಸಾಯುತ್ತದೆ, ಕೆಟ್ಟ ನಾಳ ಮಾತ್ರ ಸರಿಹೋಗುವುದಿಲ್ಲ. ಹರಿಯದೆ ಕಾಲಿನಲ್ಲಿ ನಿಂತು ಊತ ತರುವ ಆ ರಸದಲ್ಲಿ ಪ್ರೋಟೀನ್ ತುಂಬಿರುತ್ತದೆ, ಅಲ್ಲಿ ರೋಗನಿರೋಧಕ ಶಕ್ತಿ ಕುಂದಿರುತ್ತದೆ. ಚರ್ಮದಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿದರೂ ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾ ಒಳನುಗ್ಗಿ ಚಳಿಜ್ವರ, ಕೆಂಪು, ಉರಿ, ತೊಡೆಸಂದಿಯಲ್ಲಿ ಗಂಟು ತರುತ್ತದೆ. ಹೀಗೆ ಒಂದೊಂದು ಸಲ ಜ್ವರ ಬಂದು ಹೋದಾಗಲೂ ಕಾಲು ಇನ್ನಷ್ಟು ದಪ್ಪವಾಗಿ, ಚರ್ಮ ಇನ್ನಷ್ಟು ಗಡುಸಾಗುತ್ತದೆ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಡಾ. ಜೆರೂಸಾ ಡ್ರೇಯರ್ ಅವರು ಈ ಜ್ವರದ ಮೂಲ ಹುಳುವಲ್ಲ, ಬೆರಳಸಂದಿಯ ಗಾಯ ಎಂಬುದನ್ನು ಒತ್ತಿ ಹೇಳಿದರು. ನಮ್ಮದೇ ಕೇರಳ ರಾಜ್ಯದ ಆಲಪ್ಪುಳದಲ್ಲಿ ಡಾ. ಆರ್. ಕೆ. ಶೆಣೈ ಅವರ ತಂಡ 1990ರ ದಶಕದಲ್ಲಿ ನಡೆಸಿದ ಪರೀಕ್ಷೆಗಳಲ್ಲಿಯೂ ಜ್ವರ ಮರುಕಳಿಸದಂತೆ ತಡೆಯಲು ನೆರವಾದದ್ದು ಪಾದದ ಆರೈಕೆ ಮತ್ತು ಬ್ಯಾಕ್ಟೀರಿಯಾ ವಿರುದ್ಧದ ಔಷಧಿಯೇ ಹೊರತು ಹುಳುವಿನ ಮಾತ್ರೆಯಾದ ಡಿಇಸಿ ಅಲ್ಲ. ಊದಿದ ಕಾಲಿಗೆಂದು ವರ್ಷಗಟ್ಟಲೆ ಡಿಇಸಿ ನುಂಗುತ್ತಿರುವವರು ಇದನ್ನು ಗಮನಿಸಬೇಕು. ಸರಕಾರ ಊರಿಗೆಲ್ಲ ಮಾತ್ರೆ ಹಂಚುವುದು ರೋಗ ಹರಡದಿರಲಿ ಎಂದು, ಅದರಿಂದ ಊತ ಇಳಿಯುವುದಿಲ್ಲ.

2015ರಲ್ಲಿ ಪ್ರಕಟವಾದ ಒಂದು ವಿಮರ್ಶೆ 28 ಅಧ್ಯಯನಗಳನ್ನು ಒಟ್ಟುಗೂಡಿಸಿ, ಶುಚಿತ್ವದ ಆರೈಕೆ ಪಡೆದವರಲ್ಲಿ ಇಂಥ ಜ್ವರದ ಸಂಭವ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ತೋರಿಸಿತು. ಸೋಪು, ನೀರು ಮತ್ತು ಬಟ್ಟೆ ಇಷ್ಟು ಮಾಡುತ್ತವೆಂದರೆ ಆ ಕೆಲಸವನ್ನು ಸರಿಯಾಗಿ ಕಲಿಯುವುದು ಲೇಸು.

ಸಿದ್ಧತೆ

ಕೂರಲು ಬೆನ್ನಿಗೆ ಆಸರೆಯಿರುವ ಕುರ್ಚಿ, ಕಾಲಿಡಲು ಒಂದು ಮಣೆ, ಬಾವಿಯ ತಣ್ಣೀರು, ಸೋಪು, ಒಣಗಿದ ಬಟ್ಟೆ, ಒಳ್ಳೆಯ ಬೆಳಕು. ನೀರನ್ನು ಬಿಸಿ ಮಾಡುವುದು ಬೇಡ. ಬಿಸಿಗೆ ರಕ್ತನಾಳ ಹಿಗ್ಗಿ ಊತ ಹೆಚ್ಚುತ್ತದೆ. ಸೋಪು ಯಾವುದಾದರೂ ಆಗಬಹುದು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪರಿಮಳ ಕಡಿಮೆಯಿರುವ ಮಕ್ಕಳ ಸೋಪನ್ನೇ ಬಳಸಿರಿ. ಬಟ್ಟೆ ಒಗೆಯುವ ಸೋಪಿನ ತುಂಡನ್ನು ಕಾಲಿಗೆಂದು ಮೀಸಲಿಡುವ ಪದ್ಧತಿ ಇಂದೂ ಇದೆ, ಅದು ಚರ್ಮವನ್ನು ಒಡೆಸುತ್ತದೆ. ಆಂಟಿಸೆಪ್ಟಿಕ್ ದ್ರಾವಣವನ್ನು ಅಳತೆಯಿಲ್ಲದೆ ಬಕೆಟಿಗೆ ಸುರಿಯುವುದರಿಂದಲೂ ಆಗುವುದು ಅದೇ.

ಬೇಸಿಗೆಯಲ್ಲಿ, ಗುಡ್ಡದಲ್ಲಿ ನೀರಿಗಾಗಿ ಕೊರೆದ ಸುರಂಗದ ನೀರು ಬೆರಳಗಾತ್ರಕ್ಕೆ ಇಳಿದಾಗ ಕಾಲು ತೊಳೆಯುವುದನ್ನೇ ಬಿಡುವ ಮನೆಗಳಿವೆ. ಅಂಥವರಿಗೆ ಉಪಯೋಗವಾಗುವ ಒಂದು ಅಧ್ಯಯನ ಇಥಿಯೋಪಿಯಾದಿಂದ 2017ರಲ್ಲಿ ಬಂದಿದೆ. ಅಲ್ಲಿ ಕೆಂಪು ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿದು ಕಾಲು ಊದಿದವರ ಮೇಲೆ ನಡೆಸಿದ ಆ ಪರೀಕ್ಷೆಯಲ್ಲಿ, ಕೊನೆಗೆ ಕಾಲು ನೆನೆಸುವ ನೀರಿಗೆ ನೂರಕ್ಕೆ 2ರಷ್ಟು ಗ್ಲಿಸರಿನ್ ಬೆರೆಸಿದಾಗ ಬಹಳ ಕಡಿಮೆ ನೀರಿನಲ್ಲಿಯೂ ಚರ್ಮದ ತೇವ ಹಿಡಿದಿಡುವ ಶಕ್ತಿ ಸುಧಾರಿಸಿತು. ಒಂದು ಲೀಟರ್ ನೀರಿಗೆ ನಾಲ್ಕು ಚಿಕ್ಕ ಚಮಚ ಗ್ಲಿಸರಿನ್ ಎಂದರೆ ಲೆಕ್ಕ ಸರಿಯಾಗುತ್ತದೆ. ಮೆಡಿಕಲ್‌ನಲ್ಲಿ ಸಿಗುವ ಸಾದಾ ಗ್ಲಿಸರಿನ್ ಸಾಕು, ಗುಲಾಬಿ ನೀರು ಬೆರೆಸಿದ್ದು ಬೇಡ.

ನೋಡುವುದು

ನೀರು ಹಾಕುವ ಮೊದಲು ಪ್ರತಿಯೊಂದು ಸಂದಿಯನ್ನೂ ಮೊಬೈಲಿನ ಟಾರ್ಚ್ ಹಿಡಿದು ನೋಡಬೇಕು. ಕಾಲು ದಪ್ಪವಿರುವವರಿಗೆ ಬಗ್ಗಲಾಗುವುದಿಲ್ಲವಾದ್ದರಿಂದ ಮನೆಯ ಇನ್ನೊಬ್ಬರು ನೋಡುವುದು ಒಳ್ಳೆಯದು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಮೊದಲು ನೋಡಿರಿ, ಏಕೆಂದರೆ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಅದು. ಚರ್ಮ ನೆನೆದ ಅವಲಕ್ಕಿಯ ಹಾಗೆ ಬಿಳಿಚಿ ಮೆತ್ತಗಾಗಿದ್ದರೆ, ಅಡಿಯಲ್ಲಿ ಕೆಂಪು ಗೀರು ಕಂಡರೆ, ಮೂಗಿಗೆ ಹುಳಿವಾಸನೆ ಹೊಡೆದರೆ, ಅದೇ ಬ್ಯಾಕ್ಟೀರಿಯಾದ ಬಾಗಿಲು. ನೋವಿಲ್ಲ ಎಂಬ ಕಾರಣಕ್ಕೆ ಅದನ್ನು ಬಿಟ್ಟುಬಿಡಬಾರದು. ಮಡಿಕೆಗಳಿರುವ ಕಾಲಾದರೆ ಪಾದ ಮತ್ತು ಕಣಕಾಲು ಸೇರುವಲ್ಲಿನ ಆಳವಾದ ಮಡಿಕೆಯನ್ನೂ ಬಿಡಿಸಿ ನೋಡಬೇಕು.

ತೊಳೆಯುವುದು

ಮೊಣಕಾಲಿನಿಂದ ಕೆಳಗೆ ಬೆರಳಿನವರೆಗೆ, ಅಂಗೈಯಿಂದ ಅಥವಾ ತೆಳುಬಟ್ಟೆಯಿಂದ ತೊಳೆಯಬೇಕು. ತೆಂಗಿನ ನಾರು, ಬ್ರಷ್ಷು, ಹಿಮ್ಮಡಿ ಉಜ್ಜುವ ಕಲ್ಲು ಹತ್ತಿರವೂ ಬರಬಾರದು. ಸೋಪಿನ ಅಂಟು ಪೂರ್ತಿ ಹೋಗುವವರೆಗೆ ನೀರು ಹಾಕಬೇಕು. ಮಡಿಕೆಯಲ್ಲಿ ಉಳಿದ ಸೋಪೇ ಮರುದಿನ ತುರಿಕೆ ತರುತ್ತದೆ.

ಒರಸುವುದು

ಮೊದಲ ಮಾತು ಬಟ್ಟೆಯದು. ದಪ್ಪ ಟರ್ಕಿ ಟವೆಲು ಈ ಕೆಲಸಕ್ಕೆ ಆಗದು, ಅದರ ನೂಲುಕುಣಿಕೆಗಳು ಊದಿದ ಬೆರಳುಗಳ ನಡುವೆ ಹೋಗುವುದೇ ಇಲ್ಲ. ಬಳಸಿ ಹಳತಾಗಿ ಮೆತ್ತಗಾದ ಹತ್ತಿಯ ಬೈರಾಸು ಅಥವಾ ಪಂಚೆಯೇ ಬೇಕು. ಕಾಲಿಗೆ ಒಂದು ಬಟ್ಟೆ. ಸಂದಿಗಳಿಗೆಂದು ಎರಡು ಬೆರಳಗಲದ, ಒಂದು ಗೇಣುದ್ದದ ಪಟ್ಟಿಗಳನ್ನು ಹರಿದಿಟ್ಟುಕೊಳ್ಳಬೇಕು, ಒಂದು ಪಾದಕ್ಕೆ ನಾಲ್ಕು.

ಕಾಲನ್ನು ಒತ್ತಿ ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಅನಂತರ ಒಂದು ಕೈಯಿಂದ ಕಿರುಬೆರಳನ್ನು ಮೆಲ್ಲನೆ ಹೊರಕ್ಕೆ ಸರಿಸಿ, ಇನ್ನೊಂದು ಕೈಯಿಂದ ಪಟ್ಟಿಯ ತುದಿಯನ್ನು ಪಾದದ ಮೇಲ್ಭಾಗದಿಂದ ಸಂದಿಗೆ ಇಳಿಸಿ, ಅಡಿಯಿಂದ ಹೊರಗೆ ತೆಗೆಯಬೇಕು. ಇಲ್ಲಿಯೇ ಎಲ್ಲರೂ ತಪ್ಪುವುದು: ಪಟ್ಟಿಯ ಎರಡೂ ತುದಿ ಕೈಗೆ ಸಿಕ್ಕಿದ ಕೂಡಲೇ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ. ನೆನೆದ ಚರ್ಮ ಆ ಎಳೆತಕ್ಕೆ ಸಿಪ್ಪೆಯಂತೆ ಎದ್ದುಬರುತ್ತದೆ, ಒಣಗಿಸಲು ಹೋಗಿ ಗಾಯ ಮಾಡಿದಂತಾಗುತ್ತದೆ. ಎಳೆಯದೆ, ಪಟ್ಟಿಯನ್ನು ಸಂದಿಯಲ್ಲೇ ಬಿಟ್ಟು ಬೆರಳನ್ನು ಹೊರಗಿನಿಂದ ಹಗುರವಾಗಿ ಅದುಮಿ, ನಿಧಾನವಾಗಿ ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕು. ಬಟ್ಟೆ ತಾನಾಗಿ ನೀರು ಕುಡಿಯುತ್ತದೆ. ಪಟ್ಟಿಯ ಒಣ ಭಾಗವನ್ನು ತಂದು ಇನ್ನೊಮ್ಮೆ ಹೀಗೆಯೇ ಮಾಡಬೇಕು. ಒಂದು ಸಂದಿಗೆ ಬಳಸಿದ ಪಟ್ಟಿಯನ್ನು ಇನ್ನೊಂದಕ್ಕೆ ಹಾಕಿದರೆ ಒಂದು ಸಂದಿಯ ಶಿಲೀಂಧ್ರವನ್ನು ನಾಲ್ಕಕ್ಕೂ ಹಂಚಿದಂತೆ.

ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುವಷ್ಟು ಊದಿ ಪಟ್ಟಿಯೂ ನುಗ್ಗದಿದ್ದರೆ, ಗಾಜ್ ಬಟ್ಟೆಯನ್ನು ತೆಳ್ಳಗೆ ಹೊಸೆದು ತೂರಿಸಬಹುದು. ಹತ್ತಿಯನ್ನು ತುರುಕಬಾರದು, ಅದರ ಎಳೆ ಒಳಗೆ ಉಳಿದುಬಿಡುತ್ತದೆ. ಬಳಿಕ ಮೇಜುಫ್ಯಾನಿನ ಗಾಳಿಗೆ ಕಾಲು ಚಾಚಿ ಹತ್ತು ನಿಮಿಷ ಕೂರಬೇಕು. ಕೂದಲು ಒಣಗಿಸುವ ಯಂತ್ರವನ್ನು ನಾನು ಯಾರಿಗೂ ಹೇಳುವುದಿಲ್ಲ. ಸಕ್ಕರೆಕಾಯಿಲೆಯೂ ಇದ್ದರೆ ಚರ್ಮ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಪೌಡರಿನ ವಿಷಯದಲ್ಲಿಯೂ ನನ್ನದು ಖಡಾಖಂಡಿತ ಮಾತು. ಒದ್ದೆ ಸಂದಿಗೆ ಉದುರಿಸಿದ ಪೌಡರು ಒಣಗಿಸುವುದಿಲ್ಲ, ಹಿಟ್ಟಿನ ಉಂಡೆಗಳಾಗಿ ಅಲ್ಲೇ ಕುಳಿತು ಚರ್ಮವನ್ನು ತರಿಯುತ್ತದೆ.

ಒಣಗಿತೇ ಎಂಬುದನ್ನು ಕಣ್ಣಿನಿಂದ ನಿರ್ಧರಿಸಬೇಡಿರಿ. ತೆಳುವಾದ ಟಿಶ್ಯೂ ಕಾಗದದ ಚೂರನ್ನು ಸಂದಿಯಲ್ಲಿ ಇಟ್ಟು ತೆಗೆದಾಗ ಅದು ಬೆರಳಿಗೆ ಅಂಟದೆ, ಬಣ್ಣ ಕಂದದೆ ಬಂದರೆ ಮಾತ್ರ ಒಣಗಿದೆ.

ಪಟ್ಟಿಗಳನ್ನು ದಿನವೂ ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಆಟಿಯ ಮಳೆಯಲ್ಲಿ ಬಿಸಿಲೆಲ್ಲಿ ಎಂದು ಕೇಳುವವರು ಇಸ್ತ್ರಿ ಹಾಕಲಿ, ಇಲ್ಲವೇ ಅಡಿಕೆ ಒಣಗಿಸುವ ಅಟ್ಟದಲ್ಲಿ ಒಲೆಯ ಬಿಸಿಗೆ ನೇತುಹಾಕಲಿ. ಅರೆಒಣಗಿದ ಪಟ್ಟಿ ಒದ್ದೆ ಪಟ್ಟಿಗಿಂತ ಕೆಟ್ಟದ್ದು, ಅದು ಒಣಗಿದೆಯೆಂದು ನಂಬಿ ಬಳಸುತ್ತೇವೆ. ತೋಟದ ಕೆಲಸ ಮುಗಿಸಿ ಬಂದವರು ಸಂಜೆ ಈ ಒರಸುವ ಭಾಗವನ್ನಷ್ಟೇ ಮತ್ತೊಮ್ಮೆ ಮಾಡಬೇಕು.

ಹಚ್ಚುವುದು

ಬಿಳಿಚಿದ ಸಂದಿಗೆ ವೈದ್ಯರು ಹೇಳಿದ ಶಿಲೀಂಧ್ರನಾಶಕ ಮುಲಾಮು, ಉದಾಹರಣೆಗೆ ಕ್ಲೋಟ್ರಿಮಜೋಲ್. ಬಿರುಕಿಗೆ ಆಂಟಿಬಯಾಟಿಕ್ ಮುಲಾಮು. ತೆಳುವಾಗಿ ಹಚ್ಚಿದರೆ ಸಾಕು. ಅಂಗಡಿಯವರು ಕೊಡುವ 'ಎಲ್ಲ ತುರಿಕೆಗೂ ಒಂದೇ' ಎಂಬ ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುವುದರಿಂದ ಜನರಿಗೆ ಅದೇ ಪ್ರಿಯ, ಆದರೆ ಅದು ಚರ್ಮವನ್ನು ತೆಳ್ಳಗಾಗಿಸಿ, ಶಿಲೀಂಧ್ರವನ್ನು ಒಳಗೇ ಹರಡಿಸುತ್ತದೆ. ಪ್ರಬಲ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿಯೇ ನಿಯಮ ಬಿಗಿಗೊಳಿಸಿದೆ. ಕೇಳಿದವರಿಗೆ ಕೊಡುವ ಅಂಗಡಿಗಳು ಇನ್ನೂ ಇವೆ. ಕೊಬ್ಬರಿ ಎಣ್ಣೆಯನ್ನು ಒಣಗಿದ ಮೀನಗಂಡಕ್ಕೆ ಹಚ್ಚಬಹುದು, ಸಂದಿಗೆ ಕೂಡದು.

ಕಟ್ಟುವುದು

ಊತ ತಡೆಯಲು ಕಾಲಿಗೆ ಸುತ್ತುವ ಒತ್ತುಪಟ್ಟಿಯನ್ನು (ಬ್ಯಾಂಡೇಜು) ಕಟ್ಟಿಕೊಳ್ಳುವುದನ್ನು ಕಾಗದದಲ್ಲಿ ಓದಿ ಕಲಿಯಲಾಗದು, ಒಮ್ಮೆ ಕಣ್ಣಾರೆ ನೋಡಿ ಕಲಿಯಬೇಕು. ಕಾಸರಗೋಡಿನ ಉಳಿಯತ್ತಡ್ಕದಲ್ಲಿ ಡಾ. ಎಸ್. ಆರ್. ನರಹರಿ ಅವರು 1999ರಲ್ಲಿ ಆರಂಭಿಸಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ ಇದೇ ರೋಗದ ಚಿಕಿತ್ಸೆಗೆ ಹೆಸರಾಗಿದೆ. ತೊಳೆಯುವುದು, ಆಯುರ್ವೇದದ ಫಾಂಟದಲ್ಲಿ (ಗಿಡಮೂಲಿಕೆ ನೆನೆಸಿದ ನೀರು) ಕಾಲು ನೆನೆಸುವುದು, ನೀವುವುದು, ಯೋಗದ ಉಸಿರಾಟ ಮತ್ತು ಒತ್ತುಪಟ್ಟಿ ಇವುಗಳನ್ನು ಒಂದೇ ಕ್ರಮಕ್ಕೆ ತಂದ ಆ ಚಿಕಿತ್ಸೆಯ ಫಲಿತಾಂಶಗಳು ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಆಲಪ್ಪುಳ ಮತ್ತು ಕಲಬುರಗಿ ಜಿಲ್ಲೆಗಳ ಹಳ್ಳಿಗಳಲ್ಲಿಯೂ ಅದನ್ನು ಪ್ರಯೋಗಿಸಿದ್ದಾರೆ. ಆಕ್ಸ್‌ಫರ್ಡ್‌ನ ಚರ್ಮರೋಗ ತಜ್ಞ ಟೆರೆನ್ಸ್ ರಯಾನ್ ಈ ಕೆಲಸದಲ್ಲಿ ಜೊತೆಯಾದವರು.

ಹೀಗೆ ಕಾಲನ್ನು ಒತ್ತಿ ಹಿಡಿಯುವುದರ ಮಹತ್ವಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 2020ರಲ್ಲಿ, ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಅಧ್ಯಯನದಿಂದ. ಕಾಲೂತವಿದ್ದು ಸೋಂಕು ಮರುಕಳಿಸುತ್ತಿದ್ದ 84 ಮಂದಿಯಲ್ಲಿ, ಕಾಲನ್ನು ಒತ್ತಿ ಹಿಡಿಯುವ ಬಿಗಿ ಉಡುಪು ಧರಿಸಿದವರ ಪೈಕಿ ಶೇಕಡಾ 15ರಷ್ಟು ಮಂದಿಗೆ, ಧರಿಸದವರ ಪೈಕಿ ಶೇಕಡಾ 40ರಷ್ಟು ಮಂದಿಗೆ ಸೋಂಕು ಮತ್ತೆ ಬಂತು. ವ್ಯತ್ಯಾಸ ಇಷ್ಟು ಸ್ಪಷ್ಟವಾದ್ದರಿಂದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅವರು ಫೈಲೇರಿಯಾದ ರೋಗಿಗಳಾಗಿರಲಿಲ್ಲ, ಆದರೂ ಊದಿದ ಕಾಲಿನ ನಡವಳಿಕೆ ಬೇರೆಯಲ್ಲ.

ಬೇಕಾದದ್ದು ಕಡಿಮೆ ಹಿಗ್ಗುವ ಪಟ್ಟಿ. ಉಳುಕಿಗೆ ಸುತ್ತುವ, ರಬ್ಬರಿನಂತೆ ಎಳೆಯುವ ಕ್ರೇಪ್ ಪಟ್ಟಿ ಮಧ್ಯಾಹ್ನದೊಳಗೆ ಸಡಿಲಗೊಂಡು ಕಣಕಾಲಿನಲ್ಲಿ ಹಗ್ಗದಂತೆ ಸೇರಿ, ಪಾದವನ್ನು ಇನ್ನಷ್ಟು ಊದಿಸುತ್ತದೆ. ಬೆಳಿಗ್ಗೆ ತೊಳೆದು ಒಣಗಿಸಿದ ಮೇಲೆ ತುಸು ಹೊತ್ತು ಕಾಲನ್ನು ಎತ್ತರಿಸಿಟ್ಟು, ಊತ ಇಳಿದಾಗ ಬೆರಳಿನ ಬುಡದಿಂದ ಮೊಣಕಾಲಿನವರೆಗೆ ಸುತ್ತಬೇಕು. ಕೆಳಗೆ ಬಿಗಿ, ಮೇಲಕ್ಕೆ ಹೋದಂತೆ ಸಡಿಲ. ಬೆರಳು ನೀಲಿಯಾದರೆ, ಜುಮುಗುಟ್ಟಿದರೆ ಕೂಡಲೇ ಬಿಚ್ಚಬೇಕು. ಕಾಲಿನ ಅಪಧಮನಿ ಕಿರಿದಾದವರು, ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಕಟ್ಟಬಾರದು.

ಎತ್ತರಿಸುವುದು, ಅಲುಗಾಡಿಸುವುದು

ಮಲಗುವಾಗ ಕಾಲಿನ ಕಡೆ ಹಾಸಿಗೆಯಡಿ ದಿಂಬು; ಬೀಡಿ ಕಟ್ಟುವವರಂತೆ ಗಂಟೆಗಟ್ಟಲೆ ಕೂರುವವರು ನಡುನಡುವೆ ಪಾದವನ್ನು ಮೇಲೆ ಕೆಳಗೆ ಆಡಿಸಿದರೆ ಸಾಕು. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಈ ಊತ ಇಳಿಯುವುದಿಲ್ಲ. ಡಾಕ್ಸಿಸೈಕ್ಲಿನ್ ಮಾತ್ರೆಯ ಮೇಲೆ ಒಂದು ಕಾಲಕ್ಕೆ ಬಹಳ ಭರವಸೆಯಿತ್ತು, ಆದರೆ ಮಾಲಿ, ಘಾನಾ ಮೊದಲಾದೆಡೆ ನಡೆದ ಇತ್ತೀಚಿನ ಪರೀಕ್ಷೆಗಳಲ್ಲಿ ದಿನದಿನದ ಶುಚಿತ್ವದಿಂದ ಸಿಗುವುದಕ್ಕಿಂತ ಹೆಚ್ಚಿನ ಲಾಭ ಅದರಿಂದ ಕಾಣಲಿಲ್ಲ.

ಜ್ವರ ಬಂದಾಗ

ಚಳಿ ಹಿಡಿದು ಕಾಲು ಕೆಂಪಾದ ದಿನ ಈ ಕ್ರಮ ಬದಲಾಗುತ್ತದೆ. ಪಟ್ಟಿ ಬಿಚ್ಚಬೇಕು, ನೀವುವುದನ್ನು ನಿಲ್ಲಿಸಬೇಕು, ಕಾಲೆತ್ತಿ ಮಲಗಿ ತಣ್ಣೀರಿನ ಬಟ್ಟೆ ಹಾಕಬೇಕು. ಬಿಸಿ ಶಾಖ, ಸೊಪ್ಪಿನ ಲೇಪ, ಗಾಯದ ಮೇಲೆ ಅರಸಿನ ಯಾವುದೂ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಆಂಟಿಬಯಾಟಿಕ್ ಮಾತ್ರ ವೈದ್ಯರೇ ಬರೆಯಬೇಕು. ಜ್ವರದ ನಡುವೆ ಹುಳುವಿನ ಮಾತ್ರೆ ನುಂಗಬಾರದು. ಪದೇ ಪದೇ ಜ್ವರ ಬರುವವರಿಗೆ ಕಡಿಮೆ ಪ್ರಮಾಣದ ಪೆನ್ಸಿಲಿನನ್ನು ದೀರ್ಘಕಾಲ ಕೊಡುವ ಪದ್ಧತಿಯಿದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಸೋಂಕನ್ನು ತಡೆಯಿತಾದರೂ, ಮಾತ್ರೆ ನಿಲ್ಲಿಸಿದ ಬಳಿಕ ಆ ರಕ್ಷಣೆ ಉಳಿಯಲಿಲ್ಲ. ಒಂದು ದಿನದೊಳಗೆ ಉರಿ ತಗ್ಗದಿದ್ದರೆ, ವಾಂತಿ ಅಥವಾ ಮಾತು ತೊದಲುವಿಕೆ ಕಂಡರೆ, ಕೀವು ಬಂದರೆ ಆಸ್ಪತ್ರೆಗೆ ಹೊರಡಬೇಕು. ನೋವು ತಾಳುವಷ್ಟಾದ ಕೂಡಲೇ ಮೆಲ್ಲನೆ ತೊಳೆದು, ಸಂದಿ ಒಣಗಿಸುವುದನ್ನು ಮತ್ತೆ ಆರಂಭಿಸಬಹುದು. ಒತ್ತುಪಟ್ಟಿಗೆ ಮಾತ್ರ ಕೆಂಪು ಪೂರ್ತಿ ಹೋಗುವವರೆಗೆ ಕಾಯಬೇಕು.