ಮಳೆ ಹಿಡಿಯುವ ಮೊದಲೇ ಏರುಮಡಿ ಕಟ್ಟಿಕೊಳ್ಳಿ

ಮಲೆನಾಡಿನ ಜಡಿಮಳೆಯಲ್ಲಿ ಹಿತ್ತಿಲಿನ ಬೆಂಡೆ, ಬದನೆ ಗಿಡಗಳು ಹಳದಿಯಾಗಿ ನಿಂತರೆ ಹೆಚ್ಚಿನವರು ಗೊಬ್ಬರ ಸಾಲದೆಂದು ಇನ್ನಷ್ಟು ಸುರಿಯುತ್ತಾರೆ. ಗೊಬ್ಬರಕ್ಕೆ ಕೈಹಾಕುವ ಮೊದಲು ಬುಡವನ್ನು ಒಮ್ಮೆ ಕೆದಕಿ ನೋಡಿ. ನೀರು ನಿಂತು ಮಣ್ಣು ಗಬ್ಬು ನಾರುತ್ತಿದ್ದರೆ ಬೇರಿಗೆ ಗಾಳಿಯೇ ಸಿಗುತ್ತಿಲ್ಲ ಎಂದರ್ಥ. ಇದಕ್ಕೆ ಮದ್ದು ಒಂದೇ, ಏರುಮಡಿ, ಅಂದರೆ ನೆಲಕ್ಕಿಂತ ಎತ್ತರಿಸಿ ಕಟ್ಟಿದ ಮಣ್ಣಿನ ಪಾತಿ. ಅದನ್ನು ಮೇ ತಿಂಗಳಲ್ಲೇ ಕಟ್ಟಿ ಮುಗಿಸಬೇಕು. ಮಳೆ ಶುರುವಾದ ಮೇಲೆ ಕೆಸರು ತುಳಿಯುವುದಷ್ಟೇ ಕೆಲಸವಾಗುತ್ತದೆ.

ಅಗಲ ಮೂರಡಿ, ಹೆಚ್ಚೆಂದರೆ ನಾಲ್ಕಡಿ ಇರಲಿ. ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು. ಮಡಿಯ ಮೇಲೆ ಯಾರೂ, ಮಕ್ಕಳು ಕೂಡ, ಕಾಲಿಡಬಾರದು. ತುಳಿದ ಮಣ್ಣು ಗಟ್ಟಿಯಾಗಿ ನೀರು ಮತ್ತೆ ಅಲ್ಲೇ ನಿಲ್ಲುತ್ತದೆ. ಎತ್ತರ ಸೊಪ್ಪಿಗೆ ಮುಕ್ಕಾಲು ಅಡಿ ಸಾಕು, ಮೂಲಂಗಿಗೆ ಒಂದಡಿ ಬೇಕು. ಮಂಡಿ ನೋಯುವವರು ಎರಡಡಿ ಎತ್ತರಕ್ಕೇ ಕಟ್ಟಿಕೊಳ್ಳಲಿ, ಬಗ್ಗುವ ಕಷ್ಟ ತಪ್ಪುತ್ತದೆ. ಅಂಚಿಗೆ ಜಂಬಿಟ್ಟಿಗೆ ಕಲ್ಲು ಬಹುಕಾಲ ಬಾಳುತ್ತದೆ. ಅಡಿಕೆ ದಬ್ಬೆ ಅಗ್ಗವೇನೋ ಹೌದು, ಆದರೆ ಬೇಗ ಗೆದ್ದಲು ಹತ್ತುತ್ತದೆ.

ಎಂಟಡಿ ಉದ್ದ, ಮೂರಡಿ ಅಗಲ, ಒಂದಡಿ ಎತ್ತರದ ಮಡಿಗೆ 24 ಘನ ಅಡಿ ಮಣ್ಣು ಬೇಕು. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಹಟ್ಟಿಗೊಬ್ಬರ, ಒಂದು ಪಾಲು ಕೊಳೆತ ದರಗು (ಉದುರಿದ ಎಲೆ) ಸೇರಿಸಿ. ಹಟ್ಟಿಗೊಬ್ಬರದ ವಿಷಯದಲ್ಲಿ ಮಾತ್ರ ಅವಸರ ಬೇಡ. ಪೂರ್ತಿ ಕಳಿತದ್ದು ಮುಷ್ಟಿಯಲ್ಲಿ ಹಿಂಡಿದರೆ ಕಾಫಿ ಪುಡಿಯ ಹಾಗೆ ಉದುರುತ್ತದೆ, ಸಗಣಿ ವಾಸನೆ ಇರುವುದಿಲ್ಲ. ಅರೆಕಳಿತ ಗೊಬ್ಬರದೊಳಗೆ ಗೊಣ್ಣೆಹುಳು ಇರುತ್ತದೆ. ಬಿಳಿ ಮೈ, ಕಂದು ತಲೆ, ಮುದುಡಿಕೊಂಡು ಮಲಗಿರುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಬದನೆ ಸಸಿ ಸಂಜೆಗೆ ಬಾಡಿದರೆ ಬುಡ ಬಗೆದು ನೋಡಿ, ಬೇರು ತಿಂದವನು ಅಲ್ಲೇ ಸಿಗುತ್ತಾನೆ. ಗೊಬ್ಬರವನ್ನು ಬಿಸಿಲಿಗೆ ಹರಡಿದರೆ ಕೋಳಿಗಳು, ಕಾಗೆಗಳು ಹುಳುಗಳನ್ನು ಹೆಕ್ಕಿ ತಿನ್ನುತ್ತವೆ.

ಮೊದಲ ಮಳೆಗೆ ಮಡಿ ಒಂದಿಷ್ಟು ಕುಸಿಯುವುದು ಸಹಜ, ಮೇಲೆ ಮಣ್ಣು ಕೊಡಿ. ಹನಿ ಬಿದ್ದು ಮಣ್ಣು ಕೊಚ್ಚಿಹೋಗದಂತೆ ಒಣಸೊಪ್ಪು ಹೊದಿಸಿ. ಆದರೆ ಆ ಹೊದಿಕೆಯಡಿ ಬಸವನಹುಳು ಸೇರುವುದುಂಟು. ಸಂಜೆ ಒದ್ದೆ ಗೋಣಿಚೀಲವನ್ನು ಮಡಿಯ ಪಕ್ಕ ಹಾಸಿಟ್ಟು ಬೆಳಗ್ಗೆ ಮಗುಚಿದರೆ ಅಡಗಿ ಕುಳಿತವೆಲ್ಲ ಕೈಗೆ ಸಿಗುತ್ತವೆ. ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಡಿಗೇ ಚೆಲ್ಲಬೇಡಿ, ಗಿಡ ಸುಡುತ್ತದೆ.

ಹೀರೆ, ಅಲಸಂದೆಯ ಚಪ್ಪರ ಮಡಿಯ ಉತ್ತರ ಅಂಚಿನಲ್ಲಿರಲಿ. ಮಳೆ ಕಳೆದ ಮೇಲೆ ಬಿಸಿಲು ದಕ್ಷಿಣದಿಂದ ಬೀಳುವುದರಿಂದ ಹರಿವೆ, ಮೂಲಂಗಿಗೆ ನೆರಳಾಗುವುದಿಲ್ಲ. ಬದನೆ, ಟೊಮೆಟೊ, ಮೆಣಸಿನಕಾಯಿ ಒಂದೇ ಕುಟುಂಬದವು. ಸೊರಗು ರೋಗ ಬಂದ ಮಡಿಗೆ ಅವನ್ನು ಮತ್ತೆ ನೆಡದೆ ಬೀನ್ಸ್ ಅಥವಾ ಸೊಪ್ಪು ಹಾಕಿ. ಬೇಸಿಗೆಯಲ್ಲಿ ಏರುಮಡಿ ನೆಲಕ್ಕಿಂತ ಬೇಗ ಒಣಗುತ್ತದೆ, ಬೆರಳು ತೂರಿಸಿ ಪಸೆ ನೋಡಿ ಬೆಳಗಿನ ಹೊತ್ತೇ ನೀರುಣಿಸಿ.