ಮೊಲ ಮೇವು ಬಿಟ್ಟಾಗ: ಕಲಬುರಗಿಯ ಬಿಸಿಲಲ್ಲಿ ನಾನು ಅನುಸರಿಸುವ ಕ್ರಮ

ಮೊಲ ಹತ್ತು-ಹನ್ನೆರಡು ತಾಸು ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಮೂಲೆ ಹಿಡಿದು ಕೂತರೆ ಅದು ತುರ್ತು ಪರಿಸ್ಥಿತಿ. "ನಾಳೆ ಮುಂಜಾನಿ ನೋಡೂಣ್ರಿ" ಅನ್ನುವಷ್ಟು ಸಮಯ ಅದಕ್ಕಿಲ್ಲ. ನಾಯಿ ಒಂದು ದಿನ ಉಪವಾಸವಿದ್ದು ಮರುದಿನ ಎದ್ದು ಓಡಾಡಬಹುದು. ಮೊಲದ ಕರುಳು ಹಗಲೂ ರಾತ್ರಿ ನಾರು ಒಳಗೆ ಬರುತ್ತಿದ್ದರೆ ಮಾತ್ರ ಸರಿಯಾಗಿ ಚಲಿಸುತ್ತದೆ. ನಾರು ನಿಂತರೆ ಕರುಳು ನಿಧಾನವಾಗುತ್ತದೆ. ಜಠರದಲ್ಲಿದ್ದ ಮೇವು, ನೆಕ್ಕಿ ನುಂಗಿದ ಕೂದಲು ಎಲ್ಲ ನೀರಾರಿ ಗಟ್ಟಿಯಾಗುತ್ತವೆ. ಹಿಂದಿನ ದೊಡ್ಡ ಕುರುಡುಗರುಳಿನಲ್ಲಿ ಸೂಕ್ಷ್ಮಜೀವಿಗಳ ಲೆಕ್ಕ ತಪ್ಪಿ ಗ್ಯಾಸ್ ತುಂಬುತ್ತದೆ. ಆ ನೋವಿಗೆ ಮೊಲ ಬಾಯಿ ಇನ್ನಷ್ಟು ಬಿಗಿಹಿಡಿಯುತ್ತದೆ. ವಾಂತಿ ಮಾಡಿಕೊಂಡು ಹಗುರಾಗಲು ಅದರ ದೇಹಕ್ಕೆ ಬರುವುದಿಲ್ಲ. ಇನ್ನೂ ತಡವಾದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ. ಬೊಜ್ಜು ಬಂದ ಮೊಲದಲ್ಲಿ ಇದು ಬಹಳ ಬೇಗ ಆಗುತ್ತದೆ.

ಹಾಗಾಗಿ ದಿನಕ್ಕೆ ಎರಡು ಸಲ, ಮುಂಜಾನೆ ಮತ್ತು ದೀಪ ಹಚ್ಚುವ ಹೊತ್ತಿಗೆ, ಹಿಕ್ಕೆ ಬೀಳುವ ಟ್ರೇ ನೋಡುವುದು ನನ್ನ ಕಡ್ಡಾಯದ ಕೆಲಸ. ಆರೋಗ್ಯವಾಗಿರುವ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ಅವನ್ನು ಎಣಿಸಬೇಕಿಲ್ಲ, ಗುಡಿಸಿದಾಗ ಆಗುವ ಗುಡ್ಡೆ ಕಣ್ಣಿಗೆ ರೂಢಿಯಾದರೆ ಸಾಕು. ಒಂದೇ ಗಾತ್ರ, ದುಂಡಗೆ, ಕಂದು ಬಣ್ಣ, ಬೆರಳಲ್ಲಿ ಒತ್ತಿದರೆ ಹುಲ್ಲಿನ ಪುಡಿಯಾಗಿ ಉದುರಬೇಕು. ಸಣ್ಣಗೆ, ಕಪ್ಪಗೆ, ಗಟ್ಟಿಯಾಗಿ ಬರತೊಡಗಿದರೆ ಕರುಳು ನಿಧಾನವಾಗಿದೆ, ನೀರೂ ಸಾಲುತ್ತಿಲ್ಲ ಎಂದರ್ಥ. ಕೂದಲಿನಲ್ಲಿ ಸರದ ಹಾಗೆ ಪೋಣಿಸಿಕೊಂಡು ಬಂದರೆ ಮೊಲ ಕೂದಲು ಉದುರಿಸುತ್ತಿದೆ. ದಿನವೂ ಬಾಚಬೇಕು, ಹುಲ್ಲು ಹೆಚ್ಚಿಸಬೇಕು. ಹಿಪ್ಪುನೇರಳೆ ಹಣ್ಣಿನಂತೆ ಗೊಂಚಲಾಗಿ, ಮೆತ್ತಗೆ, ಮಿರುಗುತ್ತ, ವಾಸನೆಯಿಂದ ಕೂಡಿ ಬರುವುದು ಬೇರೆ ಜಾತಿಯದು. ಅದನ್ನು ಮೊಲ ನೇರ ಗುದದಿಂದಲೇ ಬಾಯಿ ಹಾಕಿ ತಿನ್ನಬೇಕು. ಬಿ ಜೀವಸತ್ವ, ಒಂದಿಷ್ಟು ಪ್ರೋಟೀನು ಮೊಲಕ್ಕೆ ಅದರಿಂದ ಸಿಗುತ್ತದೆ. ಅದು ತಿನ್ನದೆ ಉಳಿದು ಬಾಲಕ್ಕೆ ಅಂಟಿಕೊಂಡರೆ ಬಹುಪಾಲು ಕಾಳು, ಪೆಲೆಟ್ (ಒತ್ತಿ ಮಾಡಿದ ಮೇವಿನ ಗುಳಿಗೆ), ಹಣ್ಣು ಹೆಚ್ಚಾಗಿದೆ, ಇಲ್ಲವೇ ಬೊಜ್ಜಿನಿಂದಲೋ ಬೆನ್ನುನೋವಿನಿಂದಲೋ ಬಾಗಲು ಆಗುತ್ತಿಲ್ಲ. ಇದನ್ನು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಡುವವರಿದ್ದಾರೆ. ನಿಂತ ಕರುಳನ್ನು ಇನ್ನಷ್ಟು ನಿಲ್ಲಿಸುವ ಕೆಲಸ ಅದು. ನಿಜವಾದ ನೀರು ಭೇದಿ, ಅದರಲ್ಲೂ ತಾಯಿಹಾಲು ಬಿಡುವ ವಯಸ್ಸಿನ ಮರಿಗಳಲ್ಲಿ, ಕಾಕ್ಸಿಡಿಯಾ ಎಂಬ ಕರುಳಿನ ಪರಜೀವಿಯಿಂದ ಬರುವಂಥ ರೋಗದ್ದಾಗಿರಬಹುದು. ಒಂದು ಹಿಡಿ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಅದೇ ದಿನ ಪಶುವೈದ್ಯರಲ್ಲಿಗೆ ಹೋಗಬೇಕು.

ಮೊಲ ಊಟ ಬಿಟ್ಟಿದೆ ಎಂದು ಗೊತ್ತಾದ ಕೂಡಲೆ ಮೇವು ಕುಡಿಸಲು ಸಿರಿಂಜ್ ಹುಡುಕುವುದು ಬೇಡ. ಮೊದಲು ಜ್ವರ ನೋಡುತ್ತೇನೆ. ಔಷಧಿ ಅಂಗಡಿಯ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ವ್ಯಾಸಲಿನ್ ಸವರಿ, ಮೊಲವನ್ನು ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿ, ಹಿಂಗಾಲು ಗಟ್ಟಿ ಹಿಡಿದು, ಗುದದೊಳಗೆ ಎರಡು ಸೆಂ.ಮೀ.ಗಿಂತ ಹೆಚ್ಚು ಹೋಗದಂತೆ ಇಡಬೇಕು. ಹಿಂಗಾಲು ಜಾಡಿಸಿದರೆ ಬೆನ್ನುಮೂಳೆ ಮುರಿಯುವ ಅಪಾಯವಿದೆ, ಆದ್ದರಿಂದ ಹಿಡಿಯಲು ಇನ್ನೊಬ್ಬರು ಇದ್ದರೆ ಒಳ್ಳೆಯದು. 101ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 100ಕ್ಕಿಂತ ಕೆಳಗಿಳಿದರೆ ದೇಹ ಸೋಲುತ್ತಿದೆ. 105 ದಾಟಿದರೆ ಬಿಸಿಲು ಬಡಿದಿರಬಹುದು.

ಎರಡನೆಯದು ಹೊಟ್ಟೆ. ಪಕ್ಕೆಲುಬಿನ ಹಿಂದೆ ಎರಡೂ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಬೇಕು. ಕರುಳು ನಿಧಾನವಾದ ಮೊಲದ ಹೊಟ್ಟೆ ಹಿಟ್ಟಿನ ಉಂಡೆ ಮುಟ್ಟಿದಂತೆ ಒತ್ತಿದಲ್ಲಿ ತಗ್ಗುತ್ತದೆ. ಅದರ ಹಸಿವು ಒಂದೆರಡು ದಿನದಿಂದ ಕಡಿಮೆಯಾಗುತ್ತ ಬಂದಿರುತ್ತದೆ, ಹಿಕ್ಕೆ ಸಣ್ಣದಾಗುತ್ತ ಹೋಗಿರುತ್ತದೆ. ಮಧ್ಯಾಹ್ನದವರೆಗೆ ಚೆನ್ನಾಗಿ ಆಡಿಕೊಂಡಿದ್ದು ಸಂಜೆಗೆ ಒಮ್ಮೆಲೇ ಮುದುಡಿ ಕೂತು, ಹೊಟ್ಟೆಯ ಮುಂಭಾಗ ಬಿರುಸಾಗಿ ಉಬ್ಬಿ, ಕಿವಿ ತಣ್ಣಗಾಗಿ, ಒಸಡು ಬಿಳಿಚಿಕೊಂಡಿದ್ದರೆ ಕರುಳಿಗೆ ಏನೋ ಅಡ್ಡ ಸಿಕ್ಕಿದೆ ಎಂದು ಶಂಕಿಸಬೇಕು. ಬಿಗಿಯಾಗಿ ಒತ್ತಿಕೊಂಡ ಕೂದಲಿನ ಗಂಟು, ಕಾರ್ಪೆಟ್ಟಿನ ದಾರ, ಒಣಗಿದ ಬಟಾಣಿಯಂಥ ಕಾಳು ಹೀಗೆ ಮಾಡುತ್ತವೆ. ಅಡ್ಡ ಸಿಕ್ಕಿದ ಮೊಲಕ್ಕೆ ಬಾಯಿಯಿಂದ ಏನು ಕೊಟ್ಟರೂ ಜಠರ ಇನ್ನಷ್ಟು ಬಿಗಿಯುತ್ತದೆ. ಕರುಳು ಚಲಿಸುವಂತೆ ಮಾಡುವ ಮೆಟೊಕ್ಲೋಪ್ರಮೈಡ್‌ನಂಥ ಔಷಧಿಯೂ ಆಗ ಅಪಾಯ. ಈ ಎರಡರಲ್ಲಿ ಯಾವುದು ಎಂದು ತಿಳಿಯಲು ವೈದ್ಯರಿಗೆ ಒಂದು ಸುಲಭದ ದಾರಿಯಿದೆ: ಕಿವಿಯ ರಕ್ತನಾಳದ ಒಂದು ಹನಿ ರಕ್ತ, ಸಕ್ಕರೆ ಕಾಯಿಲೆಯವರು ಮನೆಯಲ್ಲಿಟ್ಟುಕೊಳ್ಳುವ ಗ್ಲುಕೋಮೀಟರ್. ಡೆಸಿಲೀಟರಿಗೆ 360 ಮಿ.ಗ್ರಾಂ ದಾಟಿದ್ದರೆ ಅಡ್ಡ ಸಿಕ್ಕಿರುವ ಸಾಧ್ಯತೆಯೇ ಹೆಚ್ಚು. ಬರೀ ನಿಧಾನವಾದ ಕರುಳಿನಲ್ಲಿ ಸಕ್ಕರೆ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಎಕ್ಸ್‌ರೇ ಸಿಗದ ಕಡೆ ಇದು ದೊಡ್ಡ ಆಸರೆ.

ಅಡ್ಡ ಸಿಕ್ಕಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಕ್ರಮ ಮೈ ತಣ್ಣಗಿದ್ದರೆ ಬಿಸಿ, ಆಮೇಲೆ ನೀರು, ನೋವಿನ ಔಷಧಿ, ಕೊನೆಗೆ ಮೇವು. ಈ ಸಾಲು ತಪ್ಪಿಸುವುದಿಲ್ಲ. ಮೈ ತಣ್ಣಗಿರುವಾಗ ಕರುಳು ಚಲಿಸುವುದಿಲ್ಲ, ಕೊಟ್ಟ ಮೇವು ಹಾಗೆಯೇ ಕೂತು ಕೊಳೆಯುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಕೈಗೆ ಹಿತವೆನಿಸುವಷ್ಟು ಬಿಸಿನೀರು ತುಂಬಿ, ಎರಡು ಸುತ್ತು ಟವೆಲ್ ಸುತ್ತಿ, ಮೊಲದ ಒಂದು ಪಕ್ಕಕ್ಕೆ ಮಾತ್ರ ಇಡಬೇಕು. ಸಾಕೆನಿಸಿದಾಗ ಸರಿದು ಕೂರಲು ಇನ್ನೊಂದು ಪಕ್ಕ ಖಾಲಿಯಿರಲಿ. ಅರ್ಧ ತಾಸಿಗೊಮ್ಮೆ ಜ್ವರ ನೋಡಿ, 101ಕ್ಕೆ ಬಂದ ಮೇಲೆ ಮುಂದಿನದು.

ಮೊಲಕ್ಕೆ ದಿನಕ್ಕೆ ಕೆ.ಜಿ. ತೂಕಕ್ಕೆ ಸುಮಾರು 100 ಮಿ.ಲೀ. ನೀರು ಬೇಕು. ಬಾಯಿಯಿಂದ ಅಷ್ಟನ್ನೂ ಕುಡಿಸುವುದು ಕಷ್ಟ, ಅದಕ್ಕೇ ವೈದ್ಯರು ಬೆನ್ನಿನ ಚರ್ಮದಡಿ ಸಲೈನ್ ಕೊಡುತ್ತಾರೆ. ನೋವಿಗೆ ಮೆಲಾಕ್ಸಿಕಾಮ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮೈಯಲ್ಲಿ ನೀರು ತುಂಬುವ ಮೊದಲೇ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು. ನಮ್ಮ ಕಡೆಯ ಪಶು ಔಷಧಿ ಅಂಗಡಿಗಳಲ್ಲಿ ಸಿಗುವುದು ದನ-ಎಮ್ಮೆಗೆಂದು ಮಾಡಿದ ಬಾಟಲಿ. ಎರಡು ಕೆ.ಜಿ. ಮೊಲಕ್ಕೆ ಅದರಲ್ಲಿ ಹನಿಗಳ ಲೆಕ್ಕ. ಬಾಟಲಿಯ ಮೇಲೆ ಮಿ.ಲೀ.ಗೆ ಎಷ್ಟು ಮಿ.ಗ್ರಾಂ ಎಂದು ಓದಿ, ವೈದ್ಯರು ಹೇಳಿದ ಮಿ.ಗ್ರಾಂಗೆ ಎಷ್ಟು ಮಿ.ಲೀ. ಆಗುತ್ತದೆಂದು ಅವರಿಂದಲೇ ಚೀಟಿಯಲ್ಲಿ ಬರೆಸಿಕೊಂಡು, 1 ಮಿ.ಲೀ. ಸಿರಿಂಜಿನಲ್ಲೇ ಎಳೆಯಬೇಕು. ಗ್ಯಾಸಿಗೆ ಮಕ್ಕಳ ಸಿಮೆಥಿಕೋನ್ ಹನಿ ಹಾನಿ ಮಾಡುವುದಿಲ್ಲ, ದೊಡ್ಡ ಲಾಭವೂ ಇಲ್ಲ. ಅದನ್ನು ಕೊಟ್ಟು ಕೈ ತೊಳೆದುಕೊಳ್ಳಬಾರದು.

ಕೊನೆಗೆ ಮೇವು. ಹುಲ್ಲಿನಿಂದ ಮಾಡಿದ ಪೆಲೆಟ್ಟನ್ನು ಮಿಕ್ಸರಿನ ಸಣ್ಣ ಜಾರಿನಲ್ಲಿ ಹಿಟ್ಟು ಮಾಡಿ, ಚಹಾ ಜರಡಿಯಲ್ಲಿ ಸೋಸಿ, ಒಂದು ಚಮಚಕ್ಕೆ ಮೂರು ಚಮಚ ಉಗುರುಬೆಚ್ಚಗಿನ ನೀರು ಬೆರೆಸಿ ಕಾಲು ತಾಸು ನೆನೆಯಲು ಬಿಡುತ್ತೇನೆ. ಜರಡಿ ಹಿಡಿಯದಿದ್ದರೆ ಸಿರಿಂಜಿನ ತೂತು ಕಟ್ಟಿ, ಜೋರಾಗಿ ಒತ್ತಿದಾಗ ಒಮ್ಮೆಲೇ ಚಿಮ್ಮಿ ಶ್ವಾಸನಾಳಕ್ಕೆ ಹೋಗುತ್ತದೆ. ಮೊಲವನ್ನು ಮೇಜಿನ ಮೇಲೆ ನಾಲ್ಕು ಕಾಲೂರಿ ಕೂರಿಸಿ ಟವೆಲಿನಲ್ಲಿ ಸುತ್ತಬೇಕು. ಅಂಗಾತ ಹಿಡಿಯಬಾರದು, ತಲೆ ಮೇಲಕ್ಕೆತ್ತಬಾರದು. ಮುಂದಿನ ಬಾಚಿಹಲ್ಲು ಮುಗಿದು ದವಡೆಹಲ್ಲು ಶುರುವಾಗುವ ನಡುವೆ ಖಾಲಿ ಜಾಗವಿದೆ. ತುಟಿಯ ಪಕ್ಕದಿಂದ ಅಲ್ಲಿಗೆ ಸಿರಿಂಜ್ ತೂರಿಸಿ ಅರ್ಧ ಮಿ.ಲೀ. ಬಿಡಬೇಕು. ದವಡೆ ಆಡಿ, ನುಂಗಿದ್ದು ಕಂಡ ಮೇಲೆ ಮತ್ತೆ ಅರ್ಧ. ದಿನಕ್ಕೆ ಕೆ.ಜಿ.ಗೆ 50 ಮಿ.ಲೀ. ಲೆಕ್ಕ. ಎರಡು ಕೆ.ಜಿ. ಮೊಲಕ್ಕೆ 100 ಮಿ.ಲೀ., ಅದನ್ನು ಐದು ಹೊತ್ತಿಗೆ ಹಂಚಬೇಕು. ಮೊದಲ ಹೊತ್ತಿಗೆ 5ರಿಂದ 10 ಮಿ.ಲೀ. ಸಾಕು. ಮೂಗಿನಿಂದ ಹನಿ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಅನ್ನದ ಗಂಜಿ, ಹಾಲು, ಬಾಳೆಹಣ್ಣಿನ ರಸಾಯನ ಕುಡಿಸುವವರನ್ನು ಕಂಡಿದ್ದೇನೆ. ಪಿಷ್ಟ, ಸಕ್ಕರೆಗಳೇ ಕುರುಡುಗರುಳಿನ ಕೆಟ್ಟ ಬ್ಯಾಕ್ಟೀರಿಯಾಗಳ ಮೇವು. ಕೂದಲು ಕರಗಲಿ ಎಂದು ಅನಾನಸ್, ಪಪಾಯಿ ರಸ ಕೊಡುವುದೂ ವ್ಯರ್ಥ. ಆ ರಸದ ಕಿಣ್ವ ಕೂದಲನ್ನು ಕರಗಿಸುವುದಿಲ್ಲ. ನೀರು ಮತ್ತು ನಾರು ಬಿದ್ದರೆ ಗಂಟು ತಾನೇ ಸಡಿಲಾಗಿ ಹೊರಬರುತ್ತದೆ.

ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕೊಡುವುದು ಎಲ್ಲಕ್ಕಿಂತ ಘೋರ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಬಾಯಿಯಿಂದ ಹೋದರೆ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷಕಾರಿ ಕ್ಲಾಸ್ಟ್ರಿಡಿಯಂ ಬೆಳೆದು ಮೊಲ ಸಾಯಬಹುದು. ನಾಯಿಗೆ ಹೊಡೆಯುವ ಫಿಪ್ರೋನಿಲ್ ಉಣ್ಣಿಹುಳದ ಸ್ಪ್ರೇ ಕೂಡ ಮೊಲಕ್ಕೆ ವಿಷ. ಅದನ್ನು ಹಚ್ಚಿದ ಮೇಲೆ ಮೇವು ಬಿಟ್ಟಿದ್ದರೆ ವೈದ್ಯರಿಗೆ ಮೊದಲು ಹೇಳಬೇಕಾದ ವಿಷಯ ಅದು. ನಮ್ಮ ತಾಲ್ಲೂಕು ಆಸ್ಪತ್ರೆಗಳ ವೈದ್ಯರು ಬಹುತೇಕ ದನ, ಎಮ್ಮೆ, ಆಡು-ಕುರಿಗಳಲ್ಲಿ ಪಳಗಿದವರು. ತೂಕ, ಜ್ವರ, ಕೊನೆಯ ಹಿಕ್ಕೆ ಯಾವಾಗ, ಕೊಟ್ಟಿದ್ದೇನು ಎಂದು ಬರೆದುಕೊಂಡು ಹೋದರೆ ಅವರಿಗೂ ಅನುಕೂಲ. ಅಡ್ಡ ಸಿಕ್ಕಿದ ಶಂಕೆ, ಹಲ್ಲಿನ ಕೆಲಸ ಇದ್ದರೆ ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜಿದೆ. ಅಲ್ಲಿಗೆ ಹೋಗುವುದಾದರೆ ಬೇಸಿಗೆಯಲ್ಲಿ ನಸುಕಿನಲ್ಲೇ ಹೊರಡಬೇಕು. ಜೋಡಿ ಮೊಲವಿದ್ದರೆ ಅದನ್ನೂ ಜೊತೆಗೆ ಕೂರಿಸಿಕೊಂಡು ಹೋದರೆ ರೋಗಿಯ ಗಾಬರಿ ಕಡಿಮೆಯಾಗುತ್ತದೆ. ಶಸ್ತ್ರಕ್ರಿಯೆಗೆ ಮುಂಚೆ ರಾತ್ರಿಯಿಡೀ ಉಪವಾಸ ಕೆಡವುವುದು ಮೊಲಕ್ಕೆ ಸಲ್ಲದು.

ಇಷ್ಟೆಲ್ಲದರ ಮೂಲ ಹುಡುಕಿದರೆ ನಮ್ಮ ಜಿಲ್ಲೆಯಲ್ಲಿ ಎರಡೇ ಸಿಗುತ್ತವೆ: ಹುಲ್ಲಿನ ಕೊರತೆ, ಬಿಸಿಲು. ಮೊಲದ ಮೇವಿನಲ್ಲಿ ಹತ್ತಕ್ಕೆ ಎಂಟು ಪಾಲು ಒಣಹುಲ್ಲು ಇರಬೇಕು. ಪೆಲೆಟ್ ದಿನಕ್ಕೆ ಮೊಲದ ಕೆ.ಜಿ. ತೂಕಕ್ಕೆ 25 ಗ್ರಾಂ ಮೀರಬಾರದು. ಹೊರದೇಶದ ಟಿಮೊಥಿ ಹುಲ್ಲನ್ನು ತರಿಸುವ ಖರ್ಚು ಎಲ್ಲರಿಗೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಗರಿಕೆ, ನೇಪಿಯರ್, ಬದುವಿನ ಕರಡ ಚೆನ್ನಾಗಿ ಒಣಗಿದರೆ ಸಾಕು. ತೆನೆ ಗಟ್ಟಿಯಾಗುವ ಮುಂಚೆ ಕೊಯ್ದು, ನೆರಳಿನಲ್ಲಿ ತೆಳ್ಳಗೆ ಹರವಿ, ದಿನಕ್ಕೆ ಎರಡು ಸಲ ತಿರುವಿ, ದಂಟು ತಿರುಚಿದರೆ ಪಟ್ಟನೆ ಮುರಿಯುವಷ್ಟು ಒಣಗಿಸಿ ಗೋಣಿಚೀಲದಲ್ಲಿ ನೆಲದಿಂದ ಎತ್ತರಕ್ಕೆ ಇಡುತ್ತೇನೆ. ಮುಗ್ಗಲು ವಾಸನೆ ಬಂದ ಹುಲ್ಲು ಗೊಬ್ಬರದ ಗುಂಡಿಗೆ ಹೋಗಬೇಕು. ಕಾಂಗ್ರೆಸ್ ಕಸ ಆರಿಸಿ ತೆಗೆಯಬೇಕು.

ಬದುವಿನ ಹುಲ್ಲಿನ ವಿಷಯದಲ್ಲಿ ನಮ್ಮ ಕಡೆಯವರು ವಿಶೇಷವಾಗಿ ಎಚ್ಚರವಿರಬೇಕು. ಇದು ತೊಗರಿಯ ನಾಡು. ತೊಗರಿ ಹೂವಿಗೆ ಬಂದು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುತ್ತಾರೆ, ಹುಲ್ಲು ಕೊಯ್ಯಲು ಹದವಾಗಿರುವುದೂ ಅದೇ ಹೊತ್ತಿಗೆ. ಎಣ್ಣೆ ಗಾಳಿಗೆ ತೇಲಿ ಬದುವಿನ ಮೇಲೆ ಕೂರುತ್ತದೆ. ಆ ಹೊಲದ ಒಡೆಯರನ್ನು ಕೇಳದೆ ನಾನು ಒಂದು ಹಿಡಿ ಹುಲ್ಲೂ ತರುವುದಿಲ್ಲ. ಎಳೆಯ ಹಸಿ ಜೋಳ, ಕೊಯ್ದ ಮೇಲೆ ಮತ್ತೆ ಚಿಗುರಿದ ಜೋಳ ದನಕ್ಕೇ ವಿಷ, ಮೊಲಕ್ಕೆ ಕೇಳಲೇಬೇಡಿ. ಬಲಿತು ಒಣಗಿದ ಕಣಿಕೆಯ ಎಲೆ ಹುಲ್ಲಿನ ಜೊತೆಗೆ ಆಗುತ್ತದೆ, ಹುಲ್ಲಿನ ಬದಲಿಗೆ ಆಗುವುದಿಲ್ಲ. ಶೇಂಗಾ ಬಳ್ಳಿಗೆ ಬೂಷ್ಟು ಬೇಗ ಹಿಡಿಯುವುದರಿಂದ ನಾನು ಅದನ್ನು ಮುಟ್ಟುವುದಿಲ್ಲ. ಹಸಿಸೊಪ್ಪಿಗೆ ಕೊತ್ತಂಬರಿ, ಮೂಲಂಗಿ ಎಲೆ, ಹಕ್ಕರಕಿ ಒಳ್ಳೆಯವು. ಪುಂಡಿಪಲ್ಯೆ, ಪಾಲಕ್ ಅಪರೂಪಕ್ಕೆ. ರೊಟ್ಟಿ, ಬಿಸ್ಕಿಟು, ಪುಠಾಣಿ ಮಕ್ಕಳ ಕೈಯಿಂದ ಹೋಗದಂತೆ ನೋಡಿಕೊಳ್ಳಬೇಕು. ಹೊಸ ಮೇವು ಯಾವುದೇ ಇರಲಿ, ವಾರವಿಡೀ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು.

ಬಿಸಿಲಿನ ಮಾತು. ಮೊಲಕ್ಕೆ 30 ಡಿಗ್ರಿ ಸೆಲ್ಸಿಯಸ್ ದಾಟಿದರೇ ಕಷ್ಟ, ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42 ಸಾಮಾನ್ಯ. ಅದು ಬೆವರುವುದಿಲ್ಲ, ಕಾವು ಹೋಗುವುದು ಹೆಚ್ಚಾಗಿ ಕಿವಿಯಿಂದ. ಪತ್ರಾ ಶೆಡ್ಡಿನಲ್ಲಿ ಇಡಲೇಬಾರದು. ನನ್ನ ಮೊಲಗಳ ಗೂಡಿನಲ್ಲಿ ಮನೆಗೆ ಹಾಸಿ ಉಳಿದ ಶಹಾಬಾದ್ ಫರಸಿ ಕಲ್ಲಿನ ಎರಡು ತುಂಡುಗಳಿವೆ. ಅಂಚು ಉಜ್ಜಿ ನುಣುಪು ಮಾಡಿ, ಒಂದನ್ನು ಮುಂಜಾನೆ ನೀರು ಚಿಮುಕಿಸಿ ಒಳಗಿಟ್ಟು, ಮಧ್ಯಾಹ್ನ ಅದು ಬೆಚ್ಚಗಾದಾಗ ನೆರಳಲ್ಲಿ ತಂಪಾಗಿದ್ದ ಇನ್ನೊಂದನ್ನು ಬದಲಿಸುತ್ತೇನೆ. ಮೊಲ ಹೊಟ್ಟೆ ಹಚ್ಚಿ ಉದ್ದಕ್ಕೆ ಮಲಗುತ್ತದೆ. ಕೂಲರ್ ಹಚ್ಚಿದರೆ ಎದುರಿನ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಕೋಣೆ ಬರೀ ಕುದಿಯುತ್ತದೆ. ನೀರನ್ನು ಬಾಟಲಿಯ ನಳಿಗೆಯ ಬದಲು ಅಗಲ ಬಾಯಿಯ ಮಣ್ಣಿನ ಬೋಗುಣಿಯಲ್ಲಿ ಇಟ್ಟರೆ ಹೆಚ್ಚು ಕುಡಿಯುತ್ತವೆ. ಮೇವು ಹಾಕುವುದು ನಸುಕಿಗೆ ಮತ್ತು ಸೂರ್ಯ ಮುಳುಗಿದ ಮೇಲೆ. ನಡುಹಗಲಲ್ಲಿ ತಿನ್ನದಿದ್ದರೆ ಗಾಬರಿ ಬೇಡ, ರಾತ್ರಿ ಹಾಕಿದ ಹುಲ್ಲು ಮುಂಜಾನೆ ಹಾಗೆಯೇ ಇದ್ದರೆ ಗಾಬರಿಯಾಗಬೇಕು. ಬಿಸಿಲು ಬಡಿದ ಮೊಲದ ಕಿವಿಗೆ ತಂಪು ನೀರಿನ ಬಟ್ಟೆ ಒತ್ತಬೇಕು. ಮಂಜುಗಡ್ಡೆ ನೀರಲ್ಲಿ ಅದ್ದಿದರೆ ರಕ್ತನಾಳ ಮುದುಡಿ ಕಾವು ಒಳಗೇ ಉಳಿಯುತ್ತದೆ.

ಹಸಿವಿದ್ದೂ ತಿನ್ನದ ಮೊಲದ್ದು ಹಲ್ಲಿನ ತೊಂದರೆ. ಮೇವಿನ ಬಳಿ ಬರುತ್ತದೆ, ಬಾಯಿಗೆ ತೆಗೆದುಕೊಂಡು ಬಿಡುತ್ತದೆ, ಗದ್ದ ಒದ್ದೆಯಾಗಿರುತ್ತದೆ. ದವಡೆಹಲ್ಲಿನ ಚೂಪಾದ ಅಂಚು ನಾಲಿಗೆಗೆ ಚುಚ್ಚುತ್ತಿರುತ್ತದೆ. ಅದನ್ನು ಅರಿವಳಿಕೆ ಕೊಟ್ಟು ವೈದ್ಯರೇ ಉಜ್ಜಬೇಕು. ಉಗುರು ಕತ್ತರಿಯಿಂದ ಹಲ್ಲು ಕತ್ತರಿಸಿದರೆ ಬೇರಿನವರೆಗೆ ಸೀಳುತ್ತದೆ.

ಚೇತರಿಕೆಯ ಮೊದಲ ಹಿಕ್ಕೆಗಳು ಸಣ್ಣವು, ಸೊಟ್ಟವು, ಕೂದಲು ಸೇರಿದವು. ಅವು ಬಂದವೆಂದು ಸಿರಿಂಜ್ ಊಟ ನಿಲ್ಲಿಸುವುದಿಲ್ಲ. ಮೊಲ ತಾನಾಗಿ ಹುಲ್ಲು ತಿನ್ನತೊಡಗಿ, ಹಿಕ್ಕೆ ಮೊದಲಿನ ಗಾತ್ರಕ್ಕೆ ಬರುವವರೆಗೆ ಹೊತ್ತು ಹೊತ್ತಿಗೆ ಕಡಿಮೆ ಮಾಡುತ್ತ ಮುಂದುವರಿಸುತ್ತೇನೆ. ಪೆಲೆಟ್ ಎಲ್ಲಕ್ಕಿಂತ ಕೊನೆಗೆ. ಅಡುಗೆ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಡುತ್ತೇನೆ. ಹುಲ್ಲು, ನೀರು, ತಂಪು ಎಲ್ಲ ಸರಿಯಿದ್ದೂ ಇದು ಮರುಕಳಿಸಿದರೆ ಹಲ್ಲನ್ನೂ ಮೂತ್ರಕೋಶವನ್ನೂ ಎಕ್ಸ್‌ರೇಯಲ್ಲಿ ನೋಡಿಸಬೇಕು.