ನಿರಾಶ್ರಿತರ ಬಗೆಗಿನ ಘೋಷಣೆಯನ್ನು ಓದುವುದು ಹೇಗೆ?

ಭಾರತ, ಬಾಂಗ್ಲಾದೇಶ, ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾ ಯಾವುವೂ 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿಲ್ಲ. ಆದರೆ ಇವು ಒಪ್ಪಿಕೊಂಡ ಘೋಷಣೆ, ತತ್ವಗಳು ಬೇಕಾದಷ್ಟಿವೆ. ಕೊಟ್ಟ ಮಾತು ನಿಜ, ತಪ್ಪಿದರೆ ಶಿಕ್ಷೆಯಿಲ್ಲ. ಇವನ್ನೇ ‘ಸಾಫ್ಟ್ ಲಾ’ ಅನ್ನುತ್ತಾರೆ. ಸುಮ್ನೆ ಕಾಗದ ಎಂದು ತಳ್ಳಿಹಾಕುವ ಮೊದಲು ಹೀಗೆ ಓದಿ ನೋಡಿ.

ಮೊದಲು ಪೀಠಿಕೆ ನೋಡಿ. 1966ರಲ್ಲಿ ಏಷ್ಯಾ-ಆಫ್ರಿಕಾ ದೇಶಗಳ ಕಾನೂನು ಸಲಹಾ ಸಮಿತಿ ‘ಬ್ಯಾಂಕಾಕ್ ತತ್ವ’ಗಳನ್ನು ರೂಪಿಸಿತು. 2001ರಲ್ಲಿ ದೆಹಲಿಯಲ್ಲಿ ಅವನ್ನು ಪರಿಷ್ಕರಿಸಿದರು. ಪ್ರಾಣಭಯ ಇರುವ ಕಡೆಗೆ ಯಾರನ್ನೂ ವಾಪಸ್ ಅಟ್ಟಬಾರದು ಎಂಬ ಮಾತು ಅದರಲ್ಲಿದೆ. ಇದು ದೇಶಗಳನ್ನು ಕಟ್ಟಿಹಾಕುವ ದಾಖಲೆಯಲ್ಲ ಎಂಬ ಮಾತೂ ಇದೆ.

ಆಮೇಲೆ ಷರತ್ತು ಹುಡುಕಿ. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನ 2012ರ ಮಾನವ ಹಕ್ಕುಗಳ ಘೋಷಣೆಯ 16ನೇ ಅಂಶ ಆಶ್ರಯ ಕೇಳುವ, ಪಡೆಯುವ ಹಕ್ಕನ್ನು ಒಪ್ಪುತ್ತದೆ. ಆದರೆ ಆಯಾ ದೇಶದ ಕಾನೂನಿಗೆ ಅನುಸಾರವಾಗಿ! ಆ ದೇಶದಲ್ಲಿ ಆಶ್ರಯದ ಕಾನೂನೇ ಇಲ್ಲದಿದ್ದರೆ?

ದೋಣಿ ಬಂದಾಗ ಏನಾಯಿತು ನೋಡಿ. ನನ್ನ ಪ್ರಕಾರ ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೇ. 2015ರ ಮೇ ತಿಂಗಳಲ್ಲಿ ರೋಹಿಂಗ್ಯಾಗಳು ಮತ್ತು ಬಾಂಗ್ಲಾದೇಶೀಯರು ಸಾವಿರಾರು ಸಂಖ್ಯೆಯಲ್ಲಿ ಅಂಡಮಾನ್ ಸಮುದ್ರದಲ್ಲಿ, ಮಲಕ್ಕಾ ಜಲಸಂಧಿಯಲ್ಲಿ ಸಿಕ್ಕಿಕೊಂಡರು. ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾ ಮೂರೂ ದೋಣಿಗಳನ್ನು ವಾಪಸ್ ತಳ್ಳಿದವು. ನೂರಾರು ಜನರನ್ನು ದಡಕ್ಕೆ ತಂದವರು ಇಂಡೊನೇಷ್ಯಾದ ಆಚೆ (Aceh) ಪ್ರಾಂತ್ಯದ ಮೀನುಗಾರರು. ಮೇ 20ರಂದು ಮಲೇಷ್ಯಾ ಮತ್ತು ಇಂಡೊನೇಷ್ಯಾ ತಾತ್ಕಾಲಿಕ ಆಸರೆ ಕೊಡಲು ಒಪ್ಪಿದವು. ಒಂದು ವರ್ಷದೊಳಗೆ ಅವರನ್ನು ಬೇರೆ ದೇಶಗಳಲ್ಲಿ ನೆಲೆಗೊಳಿಸಬೇಕು ಇಲ್ಲವೇ ತಾಯ್ನಾಡಿಗೆ ಕಳಿಸಬೇಕು ಎಂಬುದು ಷರತ್ತು. ಜನ ಸಾಯುತ್ತಿರುವಾಗ ತತ್ವಗಳು ಎಲ್ಲಿ ಹೋಗಿದ್ದವು ಎಂದು ಸಿಟ್ಟು ಬರುವುದು ಸಹಜ, ಅಲ್ವಾ? ಮುಂದಿನ ಮಾರ್ಚ್‌ನಲ್ಲಿ, ಜನರ ಕಳ್ಳಸಾಗಣೆ ತಡೆಯಲು ಈ ಭಾಗದ ದೇಶಗಳು ಮಾಡಿಕೊಂಡ ‘ಬಾಲಿ ಪ್ರಕ್ರಿಯೆ’ ಎಂಬ ವೇದಿಕೆಯಿಂದ ‘ಬಾಲಿ ಘೋಷಣೆ’ ಹೊರಬಂತು. ತುರ್ತು ಹೊತ್ತಿನಲ್ಲಿ ದೇಶಗಳು ಕೂಡಲೇ ಸೇರಿ ಮಾತಾಡುವ ಏರ್ಪಾಡು ಅದರ ಜೊತೆ ಬಂತು.

ದೇಶದೊಳಗಿನ ನಿಯಮಕ್ಕೆ ಇಳಿಯಿತೇ ಎಂದು ಕೇಳಿ. ಇಂಡೊನೇಷ್ಯಾದಲ್ಲಿ ಇಳಿಯಿತು. 2016ರ ಅಧ್ಯಕ್ಷೀಯ ನಿಯಮ 125ರ ಪ್ರಕಾರ, ಅಪಾಯದಲ್ಲಿರುವ ದೋಣಿಯ ರಕ್ಷಣೆ ಸರ್ಕಾರದ ಹೊಣೆ. ದುಡಿಯುವ ಹಕ್ಕನ್ನು ಅದು ಕೊಡುವುದಿಲ್ಲ. ಆದರೂ ಅಧಿಕಾರಿಗೆ ತೋರಿಸಿ ಕೇಳಲು ಒಂದು ಕಾಗದವಾದರೂ ಸಿಕ್ಕಿತು.

ಭಾರತದ ಮಟ್ಟಿಗೆ ಓದುವಾಗ ಸಂವಿಧಾನದ 21ನೇ ವಿಧಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಆಗಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಅರುಣಾಚಲದಲ್ಲಿ ನೆಲೆಸಿದ ಚಕ್ಮಾಗಳ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಜೀವದ ಹಕ್ಕು ನಾಗರಿಕರಲ್ಲದವರಿಗೂ ಇದೆ ಎಂದು ಹೇಳಿ ಅವರಿಗೆ ರಕ್ಷಣೆ ಕೊಡಿಸಿತು. ಘೋಷಣೆಗೆ ಇಲ್ಲದ ಬಲ ಈ ತೀರ್ಪಿಗಿದೆ.